ದಿನಸಿನ ಖರ್ಚು ಮತ್ತು ಹೊಲದ ಅಕ್ಕಡಿ ಸಾಲು

ಪುರವರ ಹೋಬಳಿಯೂ ಅದರ ಸುತ್ತಣ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳೂ ಬಹುಮಟ್ಟಿಗೆ ಮಳೆಯನ್ನೇ ನಂಬಿದ ಬೆದ್ದಲು ಸೀಮೆಯೆಂಬುದು ಸರ್ವರಿಗೂ ತಿಳಿದ ಸಂಗತಿ. ಈ ತಾಲ್ಲೂಕುಗಳು ಸೇರಿರುವ ಮಧ್ಯ ಒಣ ವಲಯದಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 450ರಿಂದ 720 ಮಿಲಿಮೀಟರು ಮಾತ್ರ. ಇಂತಹ ಸೀಮೆಯಲ್ಲಿ ವ್ಯವಸಾಯಗಾರನ ಆದಾಯವು ವರ್ಷಕ್ಕೊಮ್ಮೆ, ಸುಗ್ಗಿಯ ಕಾಲದಲ್ಲಿ ಕೈಸೇರತಕ್ಕದ್ದು. ಅಡಿಗೆಮನೆಯ ಖರ್ಚಾದರೋ ಪ್ರತಿದಿನವೂ ಇರತಕ್ಕದ್ದು. ಈ ಎರಡಕ್ಕೂ ಇರುವ ಅಂತರವನ್ನು ತುಂಬುವುದು ಅಂಗಡಿಯ ಉದ್ದರಿ. ಸುಗ್ಗಿಯಲ್ಲಿ ಕಾಳನ್ನು ಮೂಟೆಗಟ್ಟಿ ಮಾರುವುದು, ಆಷಾಢ ಬಂದೊಡನೆ ಅದೇ ಕಾಳನ್ನು ಬೇಳೆಯ ರೂಪದಲ್ಲಿ ಹೆಚ್ಚು ಬೆಲೆಗೆ ಸಾಲವಾಗಿ ತರುವುದು, ಮುಂದಿನ ಸುಗ್ಗಿಯಲ್ಲಿ ಆ ಸಾಲಕ್ಕಾಗಿ ಕಣದಿಂದಲೇ ಫಸಲನ್ನು ಅಳೆದುಕೊಡುವುದು—ಈ ಸುತ್ತಿನಲ್ಲಿ ಸಿಕ್ಕಿದ ಸಂಸಾರಕ್ಕೆ ಬೆಲೆ ಬರುವವರೆಗೆ ಕಾಯುವ ಸ್ವಾತಂತ್ರ್ಯವೇ ಇರುವುದಿಲ್ಲ. ಆದಕಾರಣ ದಿನಸಿನ ಖರ್ಚೆಂಬುದು ಕೇವಲ ಗೃಹಿಣಿಯರ ಚಿಂತೆಯಲ್ಲ. ಜಮೀನಿನ ಯಜಮಾನರು ಬಿತ್ತನೆಗೆ ಮುಂಚೆಯೇ ಯೋಚಿಸಬೇಕಾದ ವಿಷಯ.

ಇಲ್ಲಿ ಒಂದು ಮಾತನ್ನು ಮೊದಲೇ ಹೇಳಬೇಕು. ಮಿತವ್ಯಯವೆಂದರೆ ಮಕ್ಕಳ ಹಾಲನ್ನು ಕಡಮೆ ಮಾಡುವುದಲ್ಲ, ಸಾರಿಗೆ ಬೇಳೆಯನ್ನು ಚಿಟಿಕೆಯಷ್ಟು ಹಾಕುವುದೂ ಅಲ್ಲ. ಊಟವನ್ನು ಕುಗ್ಗಿಸಿ ಉಳಿಸಿದ ಹಣವು ಮುಂದೆ ವೈದ್ಯರ ಪಾಲಾಗುವುದು. ನಮ್ಮ ಹೊಲವೇ ಕೊಡಬಲ್ಲ ಪದಾರ್ಥಕ್ಕೆ ರೊಕ್ಕ ತೆರದಿರುವುದೇ ನಿಜವಾದ ಮಿತವ್ಯಯ.

ಮೊದಲು ಪಟ್ಟಿ ಬರೆಯತಕ್ಕದ್ದು

ಒಂದು ತಿಂಗಳ ಕಾಲ ಅಂಗಡಿಯಿಂದಲೂ ಸಂತೆಯಿಂದಲೂ ತಂದ ಪ್ರತಿಯೊಂದು ಪದಾರ್ಥವನ್ನೂ, ಅದರ ತೂಕ ಮತ್ತು ಬೆಲೆಗಳೊಡನೆ, ಒಂದು ಪುಸ್ತಕದಲ್ಲಿ ಬರೆದಿಡಬೇಕು. ಮನೆಯಲ್ಲಿ ಓದುವ ಮಕ್ಕಳಿದ್ದರೆ ಈ ಕೆಲಸವನ್ನು ಅವರಿಗೇ ಒಪ್ಪಿಸಬಹುದು. ತಿಂಗಳ ಕೊನೆಯಲ್ಲಿ ಆ ಪಟ್ಟಿಯನ್ನು ಮೂರು ಭಾಗ ಮಾಡತಕ್ಕದ್ದು: ಹೊಲದಲ್ಲಿ ಬೆಳೆಯಬಹುದಾದ ರಾಗಿ, ಬೇಳೆ, ಕಾಳು, ಎಣ್ಣೆ, ಹಿತ್ತಿಲಿನಲ್ಲಿ ಆಗಬಹುದಾದ ತರಕಾರಿ, ಸೊಪ್ಪು, ಕರಿಬೇವು, ಹಸಿಮೆಣಸಿನಕಾಯಿ, ಕೊಂಡೇ ತೀರಬೇಕಾದ ಉಪ್ಪು, ಬೆಲ್ಲ, ಸಕ್ಕರೆ, ಕಾಫಿಪುಡಿ, ಮಸಾಲೆ ಮುಂತಾದವು. ಮೊದಲೆರಡು ಭಾಗಗಳ ಮೊತ್ತವನ್ನು ಕೂಡಿಸಿ ಹನ್ನೆರಡರಿಂದ ಗುಣಿಸಿ ನೋಡಿದರೆ, ಜಮೀನುಳ್ಳ ಸಂಸಾರವು ಜಮೀನಿಲ್ಲದವರಂತೆ ಎಷ್ಟು ಹಣವನ್ನು ತೆರುತ್ತಿದೆಯೆಂಬುದು ಸ್ಪಷ್ಟವಾಗುತ್ತದೆ.

ಸಂಸಾರಕ್ಕೆ ಎಷ್ಟು ಬೇಕು

ಹೈದರಾಬಾದಿನಲ್ಲಿರುವ ರಾಷ್ಟ್ರೀಯ ಪೋಷಣಾ ಸಂಸ್ಥೆಯವರು ಒಬ್ಬ ಸಾಧಾರಣ ವಯಸ್ಕನ ಒಂದು ದಿನದ ಆಹಾರಕ್ಕೆ ಧಾನ್ಯ 250 ಗ್ರಾಂ, ಬೇಳೆಕಾಳು 85 ಗ್ರಾಂ, ಎಣ್ಣೆ ಮೊದಲಾದ ಜಿಡ್ಡಿನ ಪದಾರ್ಥ 27 ಗ್ರಾಂ, ತರಕಾರಿ ಸೊಪ್ಪುಗಳು 400 ಗ್ರಾಂ ಎಂದು ಸೂಚಿಸಿದ್ದಾರೆ. ಐದು ಮಂದಿಯ ಸಂಸಾರಕ್ಕೆ ವರ್ಷಕ್ಕೆ ಇದನ್ನು ಲೆಕ್ಕ ಹಾಕಿದರೆ ಧಾನ್ಯ ಸುಮಾರು 456 ಕಿಲೋ, ಬೇಳೆಕಾಳು ಸುಮಾರು 155 ಕಿಲೋ, ಎಣ್ಣೆ ಸುಮಾರು 49 ಕಿಲೋ ಆಗುತ್ತದೆ. ಮೈಮುರಿದು ದುಡಿಯುವವರಿಗೆ ಧಾನ್ಯ ಇನ್ನೂ ಹೆಚ್ಚು ಬೇಕು. ಪಡಿತರದಿಂದ ಬರುವ ಧಾನ್ಯವನ್ನು ಇದರಲ್ಲಿ ಕಳೆಯಬಹುದು. ಆದರೆ ಮನೆಯ ರಾಗಿಯನ್ನೆಲ್ಲಾ ಮಾರಿ ಅಕ್ಕಿಯನ್ನೇ ನೆಚ್ಚುವುದು ಯುಕ್ತವಲ್ಲ. ನೂರು ಗ್ರಾಂ ರಾಗಿಯಲ್ಲಿ ಸುಮಾರು 364 ಮಿಲಿಗ್ರಾಂ ಸುಣ್ಣದ ಅಂಶವಿದ್ದರೆ, ಅಷ್ಟೇ ಅಕ್ಕಿಯಲ್ಲಿ ಅದು ಹತ್ತು ಮಿಲಿಗ್ರಾಂ ಕೂಡ ಇರುವುದಿಲ್ಲ. 2025-26ನೆಯ ಸಾಲಿಗೆ ರಾಗಿಯ ಬೆಂಬಲ ಬೆಲೆಯು ಕ್ವಿಂಟಾಲಿಗೆ 4,886 ರೂಪಾಯಿ ಎಂದು ಗೊತ್ತಾಗಿದೆ. ಖರೀದಿ ಕೇಂದ್ರಕ್ಕೆ ಕೊಡುವುದು ಸರಿಯೇ. ಆದರೆ ಮನೆಯ ವರ್ಷದ ಪಾಲನ್ನು ಮೊದಲು ಅಳೆದು ಎತ್ತಿಟ್ಟು, ಮಿಕ್ಕದ್ದನ್ನು ಕೊಡತಕ್ಕದ್ದು.

ಅಕ್ಕಡಿಯ ಪದ್ಧತಿ

ನಮ್ಮ ಹಿರಿಯರು ರಾಗಿಯ ಹೊಲದಲ್ಲಿ ರಾಗಿಯೊಂದನ್ನೇ ಬಿತ್ತಿದವರಲ್ಲ. ನಡುನಡುವೆ ಅವರೆ, ತೊಗರಿ, ಜೋಳ, ಹುಚ್ಚೆಳ್ಳು, ಸಾಸಿವೆ, ಅಂಚಿನಲ್ಲಿ ಹರಳು—ಹೀಗೆ ಅಕ್ಕಡಿ ಸಾಲುಗಳಿರುತ್ತಿದ್ದವು. ಒಂದೇ ಹೊಲದಿಂದ ಹಿಟ್ಟು, ಸಾರು, ಒಗ್ಗರಣೆ ಮೂರೂ ಮನೆಗೆ ಬರುತ್ತಿದ್ದವು. ಕಡಲೇಕಾಯಿಯೊಂದನ್ನೇ ಬಿತ್ತುವ ರೂಢಿ ಬೆಳೆದಂತೆಯೂ, ರಾಗಿಯ ಕೊಯ್ಲಿಗೆ ಯಂತ್ರಗಳು ಬಂದಂತೆಯೂ, ಅಗಲ ಎಲೆಯ ಗಿಡಗಳನ್ನೆಲ್ಲಾ ಕೊಲ್ಲುವ ಕಳೆನಾಶಕಗಳು ಬಳಕೆಯಾದಂತೆಯೂ ಈ ಸಾಲುಗಳು ಕಡಮೆಯಾದವು. ಅವುಗಳೊಡನೆ ಮನೆಯ ಬೇಳೆಯೂ ಕಡಮೆಯಾಯಿತು.

ಅಕ್ಕಡಿಯು ಹಳೆಯದೆಂದು ತಳ್ಳಿಬಿಡತಕ್ಕದ್ದಲ್ಲ. ತೊಗರಿಯ ಬೇರು ಆಳಕ್ಕೆ ಇಳಿದು, ರಾಗಿ ಕಡಲೇಕಾಯಿಗಳ ಬೇರಿಗೆ ಎಟುಕದ ತೇವವನ್ನು ಹೀರುತ್ತದೆ. ಆ ಬೆಳೆಗಳು ಕಟಾವಾದ ಮೇಲೂ ನಿಂತು ಹಿಂಗಾರಿನ ಮಳೆಯನ್ನು ಉಪಯೋಗಿಸಿಕೊಳ್ಳುತ್ತದೆ. ಅದರ ಬೇರಿನ ಗಂಟುಗಳು ಗಾಳಿಯಲ್ಲಿನ ಸಾರಜನಕವನ್ನು ಹಿಡಿದು ನೆಲಕ್ಕೆ ಸೇರಿಸುತ್ತವೆ. ಒಂದು ಬೆಳೆಗೆ ಮಳೆ ತಪ್ಪಿದರೆ ಇನ್ನೊಂದಕ್ಕಾದರೂ ಒದಗುವ ಸಂಭವವಿರುತ್ತದೆ. ಕಡಲೇಕಾಯಿಯ ಎಂಟು ಸಾಲಿಗೆ ತೊಗರಿಯ ಎರಡು ಸಾಲು, ರಾಗಿಯ ಎಂಟರಿಂದ ಹತ್ತು ಸಾಲಿಗೆ ತೊಗರಿಯ ಎರಡು ಸಾಲು ಅಥವಾ ಎಂಟು ಸಾಲಿಗೆ ಅವರೆಯ ಒಂದು ಸಾಲು—ಇವು ಶಿಫಾರಸಾಗಿರುವ ಪ್ರಮಾಣಗಳು. ಯಂತ್ರದಿಂದ ರಾಗಿ ಕೊಯ್ಯಿಸುವವರು ಕಾಳನ್ನು ರಾಗಿಯೊಡನೆ ಬೆರೆಸದೆ, ಯಂತ್ರ ತಿರುಗಲು ಅಡ್ಡಿಯಾಗದಂತೆ ಹೊಲದ ಅಂಚಿನಲ್ಲಿ ಪ್ರತ್ಯೇಕ ಪಟ್ಟೆಯಾಗಿ ಬಿತ್ತಬಹುದು. ಅಕ್ಕಡಿಯಿರುವ ಹೊಲಕ್ಕೆ ಕಳೆನಾಶಕವನ್ನು ಕೃಷಿ ಅಧಿಕಾರಿಗಳನ್ನು ಕೇಳದೆ ಹೊಡೆಯಬಾರದು.

ಫಸಲಿನ ಪ್ರಮಾಣವು ಮಣ್ಣು, ಮಳೆಗಳನ್ನು ಅನುಸರಿಸಿ ಬದಲಾಗುವುದರಿಂದ ಒಬ್ಬರ ಹೊಲದ ಲೆಕ್ಕ ಇನ್ನೊಬ್ಬರಿಗೆ ಆಗದು. ಆದಕಾರಣ ಪ್ರತಿಯೊಬ್ಬರೂ ಒಂದು ಎಕರೆಯ ಅಕ್ಕಡಿ ಕಾಳನ್ನು ಪ್ರತ್ಯೇಕವಾಗಿ ತೂಗಿ ಬರೆದಿಡತಕ್ಕದ್ದು. ಎರಡು ಮೂರು ವರ್ಷಗಳಲ್ಲಿ, ತಮ್ಮ ಸಂಸಾರದ ಒಂದೂವರೆ ಕ್ವಿಂಟಾಲು ಕಾಳಿಗೆ ಎಷ್ಟು ಎಕರೆಯಲ್ಲಿ ಅಕ್ಕಡಿ ಹಾಕಬೇಕೆಂಬುದು ಅವರಿಗೇ ತಿಳಿಯುವುದು.

ಎಣ್ಣೆಯ ಲೆಕ್ಕ

ಕಡಲೇಕಾಯಿ ಬೆಳೆಯುವವನ ಮನೆಗೆ ಎಣ್ಣೆಯು ಅಂಗಡಿಯಿಂದ ಬರುವುದು ಎಲ್ಲರಿಗೂ ಸೋಜಿಗವೆನಿಸಬಹುದು. ಆದರೆ ಇಲ್ಲಿ ಲೆಕ್ಕವನ್ನು ಪ್ರಾಮಾಣಿಕವಾಗಿ ನೋಡಬೇಕು. ಒಂದು ಕ್ವಿಂಟಾಲು ಒಣ ಕಾಯಿಗೆ ಸುಮಾರು 70 ಕಿಲೋ ಬೀಜವೂ, ಅದನ್ನು ಗಾಣಕ್ಕೆ ಹಾಕಿದರೆ ಸುಮಾರು 28 ಕಿಲೋ ಎಣ್ಣೆಯೂ, 40 ಕಿಲೋ ಹಿಂಡಿಯೂ ದೊರೆಯುತ್ತವೆ. ಆದ್ದರಿಂದ ಮೇಲ್ಕಂಡ 49 ಕಿಲೋ ಎಣ್ಣೆಗೆ 175 ಕಿಲೋ ಕಾಯಿ ಸಾಕು. ಕಡಲೇಕಾಯಿಯ ಬೆಂಬಲ ಬೆಲೆಯು 2025-26ರಲ್ಲಿ ಕ್ವಿಂಟಾಲಿಗೆ 7,263 ರೂಪಾಯಿ ಇರುವುದರಿಂದ, ಆ ಕಾಯಿಯ ಬೆಲೆ ಸುಮಾರು 12,710 ರೂಪಾಯಿ. ಎಂದರೆ ಎಣ್ಣೆಯ ಕಿಲೋ ಒಂದಕ್ಕೆ 259 ರೂಪಾಯಿ. ಇದಕ್ಕೆ ಗಾಣದ ಕೂಲಿಯನ್ನು ಕೂಡಿಸಿ, ಸುಮಾರು 70 ಕಿಲೋ ಹಿಂಡಿಯ ಬೆಲೆಯನ್ನು ಕಳೆಯತಕ್ಕದ್ದು. ಉಳಿದ ಅಂಕಿಯನ್ನು ತಮ್ಮ ಊರಿನ ಅಂಗಡಿಯ ಕಡಲೇಕಾಯಿ ಎಣ್ಣೆಯ ಬೆಲೆಯೊಡನೆ ಹೋಲಿಸಿ ತೀರ್ಮಾನಿಸಬಹುದು. ಪರದೇಶದಿಂದ ಬರುವ ತಾಳೆ ಎಣ್ಣೆಯನ್ನು ಬಳಸುವ ಮನೆಯವರಿಗೆ ಇದರಲ್ಲಿ ರೊಕ್ಕದ ಉಳಿತಾಯ ಕಾಣದಿರಬಹುದು. ಕರೆಯುವ ಹಸು ಎಮ್ಮೆಗಳಿದ್ದು ಹಿಂಡಿಯನ್ನು ಹೇಗೂ ಕೊಳ್ಳುವವರಿಗೆ ಲಾಭವು ಹೆಚ್ಚು ಸ್ಪಷ್ಟ. ಬೇಳೆಯ ವಿಷಯದಲ್ಲಾದರೋ ಇಂತಹ ಸಂದೇಹಕ್ಕೆ ಎಡೆ ಕಡಮೆ. ಅಕ್ಕಡಿಗೆ ಬೇಕಾಗುವುದು ಅಲ್ಪ ಬಿತ್ತನೆ ಬೀಜ ಮತ್ತು ಸ್ವಲ್ಪ ಮುಂದಾಲೋಚನೆ.

ಕೆಡದಂತೆ ಕೂಡಿಡುವುದು

ಬೆಳೆದದ್ದು ಹುಳುವಿನ ಪಾಲಾದರೆ ಮೇಲಿನ ಲೆಕ್ಕವೆಲ್ಲಾ ವ್ಯರ್ಥ. ಕಡಲೇಕಾಯಿಯನ್ನು ಅಲುಗಿಸಿದರೆ ಒಳಗೆ ಬೀಜ ಸದ್ದು ಮಾಡುವವರೆಗೆ ಒಣಗಿಸಿ, ಕಾಯಿಯ ರೂಪದಲ್ಲಿಯೇ ಇಡಬೇಕು. ಬೂಷ್ಟು ಹಿಡಿದ, ಬಣ್ಣಗೆಟ್ಟ, ಮುರುಟಿದ ಬೀಜವನ್ನು ಗಾಣಕ್ಕಾಗಲಿ ಅಡಿಗೆಗಾಗಲಿ ಎಂದಿಗೂ ಹಾಕಬಾರದು. ಆ ಬೂಷ್ಟಿನಿಂದ ಉಂಟಾಗುವ ಅಫ್ಲಾಟಾಕ್ಸಿನ್ ಎಂಬ ವಿಷವು ಯಕೃತ್ತನ್ನು ಕೆಡಿಸುತ್ತದೆ. ಕೆಟ್ಟ ಹಿಂಡಿಯನ್ನು ತಿಂದ ಹಸುವಿನ ಹಾಲಿಗೂ ಇಳಿಯುತ್ತದೆ.

ತೊಗರಿ, ಅವರೆ, ಹುರಳಿಗಳನ್ನು ಚೆನ್ನಾಗಿ ಬಿಸಿಲಿಗೆ ಹಾಕಿ, ಆರಿದ ಮೇಲೆ ಕಿಲೋ ಒಂದಕ್ಕೆ ಒಂದು ಚಮಚ, ಎಂದರೆ ಸುಮಾರು 5 ಮಿಲಿಲೀಟರು, ಅಡಿಗೆಯ ಎಣ್ಣೆ ಅಥವಾ ಹರಳೆಣ್ಣೆಯನ್ನು ಸವರಿ, ಮುಚ್ಚಳ ಭದ್ರವಾಗಿರುವ ಡಬ್ಬಗಳಲ್ಲಿ ಇಟ್ಟರೆ ಕಾಳು ಕೊರೆಯುವ ಹುಳುವಿನ ಬಾಧೆ ಬಹಳ ಮಟ್ಟಿಗೆ ತಪ್ಪುತ್ತದೆ. ತೊಗರಿಗೆ ಕೆಮ್ಮಣ್ಣು ಕಟ್ಟಿ ಒಣಗಿಸುವ ನಮ್ಮ ಹೆಂಗಸರ ಪದ್ಧತಿಯೂ ಉತ್ತಮವಾದದ್ದೇ.

ರಾಗಿಯು ಧಾನ್ಯಗಳಲ್ಲೆಲ್ಲಾ ದೀರ್ಘಕಾಲ ಉಳಿಯತಕ್ಕದ್ದು. ಅದಕ್ಕಾಗಿಯೇ ಹಿಂದಿನವರು ಹಗೇವುಗಳಲ್ಲಿ ರಾಗಿಯನ್ನು ತುಂಬಿಡುತ್ತಿದ್ದರು. 1876ರಿಂದ 1878ರವರೆಗಿನ ಧಾತು-ಈಶ್ವರ ಸಂವತ್ಸರಗಳ ಕ್ಷಾಮದ ಭೀಕರತೆಯನ್ನು ಜನಗಣತಿಯ ಅಂಕಿಗಳೇ ಹೇಳುತ್ತವೆ: 1871ರಲ್ಲಿ 50 ಲಕ್ಷಕ್ಕೆ ಮೇಲಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆಯು 1881ರಲ್ಲಿ 42 ಲಕ್ಷಕ್ಕೂ ಕಡಮೆಯಾಗಿತ್ತು. ಇಂದು ರೈಲು, ರಸ್ತೆ, ಪಡಿತರಗಳಿರುವುದರಿಂದ ಅಂತಹ ವಿಪತ್ತು ದೂರವಾಗಿದೆಯಾದರೂ, ಮಳೆ ತಪ್ಪಿದ ವರ್ಷ ಮನೆಯಲ್ಲಿ ರಾಗಿಯಿದ್ದವನು ಸಾಲಕ್ಕೆ ಹೋಗುವುದಿಲ್ಲವೆಂಬ ಮಾತು ಹಾಗೆಯೇ ಉಳಿದಿದೆ. ಹಗೇವನ್ನು ಈಗಲೂ ಬಳಸುವವರು ಒಂದು ಎಚ್ಚರಿಕೆ ವಹಿಸತಕ್ಕದ್ದು: ಬಾಯಿ ತೆರೆದೊಡನೆ ಯಾರನ್ನೂ ಒಳಕ್ಕೆ ಇಳಿಸಬಾರದು. ಒಳಗೆ ಕೂಡಿದ ಕೆಟ್ಟ ಗಾಳಿಯಿಂದ ಕ್ಷಣಮಾತ್ರದಲ್ಲಿ ಪ್ರಾಣ ಹೋಗುವ ಅಪಾಯವಿದೆ. ಗಾಳಿಯಾಡಲು ಸಾಕಷ್ಟು ಕಾಲ ತೆರೆದಿಟ್ಟು, ದೀಪವನ್ನು ಇಳಿಬಿಟ್ಟು ನೋಡಬೇಕು. ಅದು ಆರಿದರೆ ಇಳಿಯಲೇಕೂಡದು. ಆರದಿದ್ದರೂ ಸೊಂಟಕ್ಕೆ ಹಗ್ಗ ಕಟ್ಟಿ, ಮೇಲೆ ಇಬ್ಬರು ನಿಂತು ಇಳಿಸತಕ್ಕದ್ದು.

ಹಿತ್ತಿಲು

ಹಿತ್ತಲ ಗಿಡ ಮದ್ದಲ್ಲವೆಂಬ ಗಾದೆಯು ತರಕಾರಿಗೂ ಅನ್ವಯಿಸುವಂತಿದೆ. ಐದು ಮಂದಿಗೆ ದಿನಕ್ಕೆ ಎರಡು ಕಿಲೋ ತರಕಾರಿ ಸೊಪ್ಪು ಬೇಕು. ಎಲ್ಲವನ್ನೂ ಹಿತ್ತಿಲಿನಿಂದಲೇ ಪಡೆಯುವುದು ಅಸಾಧ್ಯವಾದರೂ, ಬಚ್ಚಲ ನೀರು ಹರಿಯುವ ಕಡೆ ಎರಡು ನುಗ್ಗೆ, ಒಂದು ಕರಿಬೇವು, ಚಪ್ಪರಕ್ಕೆ ಹೀರೆ ಅಥವಾ ಸೋರೆ, ಪಾತ್ರೆ ತೊಳೆದ ನೀರಿಗೆ ದಂಟು, ಹರಿವೆ, ಬದನೆ, ಮೆಣಸಿನ ಗಿಡಗಳು—ಇಷ್ಟಿದ್ದರೂ ವಾರದ ಸಂತೆಯ ಚೀಲ ಹಗುರವಾಗುವುದು. ನುಗ್ಗೆಯು ಕಾಯಿಯನ್ನಲ್ಲದೆ ಸೊಪ್ಪನ್ನೂ ಕೊಡುವುದರಿಂದ ಬೇಸಗೆಗೆ ಅದೇ ಆಧಾರ.

ಕೊಳ್ಳಲೇಬೇಕಾದ ಪದಾರ್ಥಗಳು

ಹುಣಿಸೆ, ಒಣಮೆಣಸಿನಕಾಯಿಗಳನ್ನು ಫಸಲು ಬರುವ ಮಾಘ ಫಾಲ್ಗುಣಗಳಲ್ಲಿಯೇ ವರ್ಷಕ್ಕಾಗುವಷ್ಟು ಕೊಂಡು, ಒಣಗಿಸಿ ಇಡತಕ್ಕದ್ದು. ಐದು ಹತ್ತು ರೂಪಾಯಿಗಳ ಸಣ್ಣ ಪೊಟ್ಟಣಗಳು ಅಗ್ಗವೆಂದು ತೋರಿದರೂ, ತೂಕದಿಂದ ಭಾಗಿಸಿ ನೋಡಿದರೆ ನಿಜವಾದ ದರ ತಿಳಿಯುತ್ತದೆ. ಪೊಟ್ಟಣದ ಮೇಲೆ ಗ್ರಾಂ ಅಥವಾ ಕಿಲೋ ಲೆಕ್ಕದ ದರವನ್ನೂ ಮುದ್ರಿಸಬೇಕೆಂಬ ನಿಯಮ ಬಂದಿರುವುದರಿಂದ, ಅದನ್ನು ಓದಿಯೇ ಕೊಳ್ಳಬೇಕು. ಬಿಡಿ ಪದಾರ್ಥ ಕೊಳ್ಳುವಾಗ ತಕ್ಕಡಿಗೆ ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆಯಿದೆಯೇ ಎಂದು ನೋಡತಕ್ಕದ್ದು.

ಗ್ರಾಮದ ಯಜಮಾನರಲ್ಲಿ ವಿಜ್ಞಾಪನೆ

ತೊಗರಿಯನ್ನು ಬೆಳೆದೂ ಮಾರಿಬಿಡುವುದಕ್ಕೆ ಒಂದು ದೊಡ್ಡ ಕಾರಣವೆಂದರೆ ಬೇಳೆ ಮಾಡುವ ಶ್ರಮ. ಹೊಲದಲ್ಲಿ ದುಡಿದು ಬಂದ ಹೆಂಗಸರ ಮೇಲೆ ಬೀಸುವ, ಕೇರುವ ಕೆಲಸವನ್ನೂ ಹೊರಿಸಿ ಅದನ್ನು ಉಳಿತಾಯವೆನ್ನುವುದು ನ್ಯಾಯವಲ್ಲ. ಮೈಸೂರಿನ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾಲಯದವರು ಗ್ರಾಮಗಳಿಗೆ ಒಪ್ಪುವ ಸಣ್ಣ ಬೇಳೆ ಗಿರಣಿಯನ್ನು ರೂಪಿಸಿದ್ದಾರೆ. ಊರಿನ ಸಹಕಾರ ಸಂಘವಾಗಲಿ ಸ್ತ್ರೀಶಕ್ತಿ ಸಂಘವಾಗಲಿ ಇಂತಹದೊಂದನ್ನು ನಡೆಯಿಸುವಂತೆ ಯಜಮಾನರು ಪ್ರೋತ್ಸಾಹ ಕೊಡಬಹುದು. ಅದೇ ಸಂಘದ ಮೂಲಕ ಉಪ್ಪು, ಬೆಲ್ಲ, ಮೆಣಸಿನಕಾಯಿಗಳನ್ನು ಮೂಟೆಯ ದರದಲ್ಲಿ ತಂದು ಹಂಚಿಕೊಳ್ಳಬಹುದು. ಒಳ್ಳೆಯ ತೊಗರಿ, ಅವರೆ ಬೀಜವನ್ನು ಊರಿನಲ್ಲಿ ಇಬ್ಬರು ಮೂವರು ಪ್ರತ್ಯೇಕವಾಗಿ ಬೆಳೆಸಿ ಇಟ್ಟು, ಬೇಕಾದವರಿಗೆ ಕಾಳಿಗೆ ಕಾಳಾಗಿ ಕೊಡುವ ಏರ್ಪಾಡಾದರೆ ಬಿತ್ತನೆಯ ಕಾಲಕ್ಕೆ ಯಾರೂ ಪರದಾಡಬೇಕಾದ್ದಿಲ್ಲ. ಬೀಜದ ತಳಿ ಮತ್ತು ಸಾಲಿನ ಅಂತರಗಳ ಬಗ್ಗೆ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿಯೂ ಹಿರೇಹಳ್ಳಿಯ ಕೃಷಿ ವಿಜ್ಞಾನ ಕೇಂದ್ರದಲ್ಲಿಯೂ ವಿಚಾರಿಸಬಹುದು.

ಎಲ್ಲವನ್ನೂ ಒಂದೇ ವರ್ಷದಲ್ಲಿ ಮಾಡಬೇಕೆಂದಿಲ್ಲ. ಈ ತಿಂಗಳು ಖರ್ಚಿನ ಪಟ್ಟಿ, ಮುಂಗಾರಿಗೆ ಹತ್ತು ಸಾಲಿನಲ್ಲಿ ಎರಡು ಸಾಲು ತೊಗರಿ, ಸುಗ್ಗಿಯಲ್ಲಿ ಮಾರುವುದಕ್ಕೆ ಮುಂಚೆ ಮನೆಯ ಪಾಲು—ಈ ಮೂರನ್ನು ಪ್ರತಿಯೊಂದು ಊರಿನಲ್ಲಿಯೂ ಮೊದಲು ಯಜಮಾನರೇ ಮಾಡಿ ತೋರಿಸಿದರೆ, ಉಳಿದವರಿಗೆ ಬೇರೆ ಉಪದೇಶ ಬೇಕಾಗಿರುವುದಿಲ್ಲ.