ಹಸುವಿಗೆ ಬಿಡುವುಂಟು, ಕರೆಯುವವರಿಗೆ?



ಕರು ಹಾಕುವ ಎರಡು ತಿಂಗಳು ಮೊದಲೇ ಗಬ್ಬದ ಹಸುವಿನ ಹಾಲು ಬತ್ತಿಸುತ್ತೇವೆ. ಈ 60 ದಿನಗಳಲ್ಲಿ ಕೆಚ್ಚಲು ಚೇತರಿಸಿಕೊಂಡು ಮುಂದಿನ ಸೂಲಿಗೆ ಸಿದ್ಧವಾಗುತ್ತದೆ. ಆದರೆ ಕರೆಯುವ ಕೈಗೆ ಬಿಡುವೆಲ್ಲಿ? ಸದಾ ಕರಾವು ಇರುವ ಮನೆಯಲ್ಲಿ ದಿನಕ್ಕೆ ಎರಡು ಹೊತ್ತಿನಂತೆ ವರ್ಷಕ್ಕೆ 730 ಬಾರಿ ಹಾಲು ಕರೆಯಬೇಕು. ಎಷ್ಟೋ ಮನೆಗಳಲ್ಲಿ ಇದು ಒಬ್ಬ ಹೆಣ್ಣುಮಗಳ ಪಾಲಿನ ಕೆಲಸ. ಆಕೆ ಜ್ವರದಿಂದ ಮಲಗಿದರೆ ಹಾಲು ಕೆಚ್ಚಲಲ್ಲೇ ಉಳಿದು ಕೆಚ್ಚಲು ಬಾವಿಗೆ ದಾರಿಯಾಗುತ್ತದೆ.

ಆದ್ದರಿಂದ ಮನೆಯಲ್ಲಿ ಇನ್ನೊಬ್ಬರೂ ಹಾಲು ಕರೆಯಲು ಕಲಿಯಿರಿ. ಹೊಸ ಕೈಗೆ ಹಸು ಸುಲಭವಾಗಿ ಹಾಲು ಇಳಿಸದು. ಎಂಟು ದಿನ ಜೊತೆಗೆ ನಿಂತು, ಮೈ ಸವರಿ, ಹಿಂಡಿ ಇಟ್ಟು ರೂಢಿ ಮಾಡಿಕೊಳ್ಳಿ. ಬಳಿಕ ವಾರಕ್ಕೆ ಒಂದು ದಿನವಾದರೂ ಸರದಿ ಬದಲಾಯಿಸಿ. ಅಂದು ಆಕೆ ಸಗಣಿ ಬಾಚಲೂ ಹೋಗದೆ ವಿಶ್ರಾಂತಿ ಪಡೆಯಲಿ.