ಮೊದಲು ಕಿವಿ, ಆಮೇಲೆ ಪಿಟಿಟಿ

ಹ್ಯಾಮ್ ಪರೀಕ್ಷೆ ಬರೆದು, ಮನೆಯ ಕಂಪ್ಯೂಟರಿಗೂ ರೇಡಿಯೋಗೂ ನಂಟು ಹಾಕಲು ಹೊರಟಿರುವ ಹುಡುಗ ಹುಡುಗಿಯರಿಗೆ ಈ ಮಾತುಗಳು. ಪ್ಯಾಕೆಟ್ ರೇಡಿಯೋ ಎಂದರೆ ನೀವು ಟೈಪ್ ಮಾಡಿದ್ದನ್ನು ಚಿಕ್ಕ ಚಿಕ್ಕ ಕಟ್ಟುಗಳಾಗಿ ಗಾಳಿಯಲ್ಲಿ ಕಳಿಸುವುದು. ನಡುವೆ ಮೊಬೈಲ್ ಟವರ್ ಬೇಡ, ಇಂಟರ್ನೆಟ್ ಬೇಡ. 1980ರ ದಶಕದಲ್ಲಿ ಅಮೆರಿಕದ ಟೂಸಾನ್ ಊರಿನ ಹ್ಯಾಮ್‌ಗಳು ಇದಕ್ಕೆಂದೇ ಟಿಎನ್‌ಸಿ ಎಂಬ ಪೆಟ್ಟಿಗೆಯನ್ನು ಕಿಟ್ ರೂಪದಲ್ಲಿ ಹಂಚಿದ ಮೇಲೆ ಇದು ಲೋಕದ ತುಂಬ ಹರಡಿತು. ಈಗ ಆ ಪೆಟ್ಟಿಗೆಯ ಕೆಲಸವನ್ನು ಕಂಪ್ಯೂಟರಿನ ಸೌಂಡ್‌ಕಾರ್ಡೇ ಮಾಡುತ್ತದೆ. ಖರ್ಚು ಇಳಿದಿದೆ. ಎಚ್ಚರ ಮಾತ್ರ ಅಂದಿನಷ್ಟೇ ಬೇಕು, ಏಕೆಂದರೆ ಒಂದೇ ಫ್ರೀಕ್ವೆನ್ಸಿಯನ್ನು ಎಲ್ಲರೂ ಹಂಚಿಕೊಂಡು ಬಳಸುತ್ತೇವೆ. ಒಬ್ಬರ ಸ್ಟೇಷನ್ ಕೆಟ್ಟರೆ ಸುತ್ತಲಿನ ಎಲ್ಲರ ಕೆಲಸವೂ ಕೆಡುತ್ತದೆ.

• ಲೈಸೆನ್ಸ್ ಕೈಸೇರುವ ತನಕ ಟ್ರಾನ್ಸ್‌ಮಿಟರ್ ಕೊಳ್ಳಬೇಡಿ. ನಮ್ಮ ದೇಶದಲ್ಲಿ ಅದನ್ನು ಕೊಡುವುದು ಕೇಂದ್ರ ಸಂಪರ್ಕ ಸಚಿವಾಲಯದ ಡಬ್ಲ್ಯುಪಿಸಿ ವಿಭಾಗ. 12 ವರ್ಷ ತುಂಬಿದವರು ಪರೀಕ್ಷೆಗೆ ಕೂರಬಹುದು, ರಿಸ್ಟ್ರಿಕ್ಟೆಡ್ ದರ್ಜೆಗೆ ಮೋರ್ಸ್ ಕಲಿಯಬೇಕಿಲ್ಲ. ಎಷ್ಟು ವಾಟ್, ಯಾವ ಬ್ಯಾಂಡ್ ಎಂಬುದು ನಿಮ್ಮ ಲೈಸೆನ್ಸಿನಲ್ಲೇ ಇರುತ್ತದೆ. ಅದನ್ನು ಓದಿ ಗೋಡೆಗೆ ಅಂಟಿಸಿ.

• ಕಾಯುವ ಆ ತಿಂಗಳುಗಳನ್ನು ಕೇಳುವುದರಲ್ಲಿ ಕಳೆಯಿರಿ. ಒಂದು ಆರ್‌ಟಿಎಲ್-ಎಸ್‌ಡಿಆರ್ ಡಾಂಗಲ್ ಕಂಪ್ಯೂಟರಿಗೆ ಸಿಕ್ಕಿಸಿ 145.825 ಮೆಗಾಹರ್ಟ್ಸ್‌ಗೆ ತಿರುಗಿಸಿ. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ ತಲೆಯ ಮೇಲೆ ಹಾಯುವ ಹತ್ತು ನಿಮಿಷದಲ್ಲಿ ಚರ್ರ್ ಎಂಬ ಸದ್ದುಗಳು ಕೇಳುತ್ತವೆ, ತೆರೆಯ ಮೇಲೆ ದೂರದೂರದ ಕಾಲ್‌ಸೈನ್‌ಗಳು ಮೂಡುತ್ತವೆ. ಆ ಸದ್ದಿನಲ್ಲಿರುವುದು ಎರಡೇ ಸ್ವರ, 1200 ಹರ್ಟ್ಸ್ ಮತ್ತು 2200 ಹರ್ಟ್ಸ್. ಸೆಕೆಂಡಿಗೆ 1200 ಬಿಟ್. ಒಳ್ಳೆಯ ಪ್ಯಾಕೆಟ್ ಕಿವಿಗೆ ಹೇಗಿರುತ್ತದೆ, ಒಡೆದದ್ದು ಹೇಗಿರುತ್ತದೆ ಎಂಬ ಗುರುತು ಈಗಲೇ ಹತ್ತಿಬಿಟ್ಟರೆ ಮುಂದೆ ಅರ್ಧ ರಿಪೇರಿ ಕಿವಿಯಿಂದಲೇ ಆಗುತ್ತದೆ.

• ಕಂಪ್ಯೂಟರ್ ಹೊಸದು ಬೇಡ. ಅಟ್ಟಕ್ಕೆ ಹೋಗಿರುವ ಲ್ಯಾಪ್‌ಟಾಪ್ ಸಾಕು, ರಾಸ್ಪ್‌ಬೆರಿ ಪೈ ಆದರೂ ಆದೀತು. ತಂತ್ರಾಂಶವಾಗಿ ಡೈರ್‌ವುಲ್ಫ್ ಹಾಕಿಕೊಳ್ಳಿ. ಉಚಿತ, ವಿಂಡೋಸ್‌ನಲ್ಲೂ ಲಿನಕ್ಸ್‌ನಲ್ಲೂ ನಡೆಯುತ್ತದೆ, ತಪ್ಪು ಎಲ್ಲಿದೆ ಎಂದು ತಾನೇ ಹೇಳುತ್ತದೆ.

• ರೇಡಿಯೋಗೆಂದೇ ಬೇರೆ ಯುಎಸ್‌ಬಿ ಸೌಂಡ್‌ಕಾರ್ಡ್ ಇಡಿ. ಲ್ಯಾಪ್‌ಟಾಪಿನ ಸ್ವಂತ ಸೌಂಡ್‌ಕಾರ್ಡನ್ನೇ ಜೋಡಿಸಿದರೆ ನಿಮ್ಮ ಇಮೇಲ್‌ನ ಟಿಂಗ್ ಸದ್ದೂ ಯೂಟ್ಯೂಬಿನ ಹಾಡೂ ಗಾಳಿಗೆ ಹೋಗುತ್ತವೆ. ವಿಂಡೋಸ್‌ನಲ್ಲಿ ಸದ್ದನ್ನು ‘ಚೆಂದಗಾಣಿಸುವ’ ಸೌಲಭ್ಯಗಳನ್ನೆಲ್ಲ ಆಫ್ ಮಾಡಿ. ಮಾತಿಗೆ ಚೆಂದ ಅನಿಸುವುದು ಪ್ಯಾಕೆಟ್ಟಿಗೆ ವಿಷ.

• ತಂತಿ ಜೋಡಿಸುವಾಗ ಒಳಬರುವ, ಹೊರಹೋಗುವ ಎರಡೂ ಸದ್ದಿನ ದಾರಿಗೆ 1:1 ಆಡಿಯೋ ಟ್ರಾನ್ಸ್‌ಫಾರ್ಮರ್ ಹಾಕಿ, ಗ್ರೌಂಡ್‌ಗಳು ನೇರ ಸೇರದಂತೆ ನೋಡಿಕೊಳ್ಳಿ. ಇಲ್ಲದಿದ್ದರೆ ಹಮ್ ಬರುತ್ತದೆ. ಕಂಪ್ಯೂಟರಿನಿಂದ ಹೊರಡುವ ಸದ್ದು ಸುಮಾರು ಒಂದು ವೋಲ್ಟ್, ರೇಡಿಯೋದ ಮೈಕ್ ಕೇಳುವುದು ಕೆಲವು ಮಿಲಿವೋಲ್ಟ್. ನಡುವೆ ಸದ್ದು ತಗ್ಗಿಸುವ ಒಂದು ಪ್ರಿಸೆಟ್ ಇರಲೇಬೇಕು. ಬೆಂಗಳೂರಿನ ಎಸ್‌.ಪಿ. ರಸ್ತೆಯಲ್ಲಿ ಇವೆಲ್ಲ ಸಿಗುತ್ತವೆ. ಟ್ರಾನ್ಸ್‌ಮಿಟ್ ಮಾಡುವಾಗ ಯುಎಸ್‌ಬಿ ಕಳಚಿಕೊಂಡಂತೆ ಆದರೆ ಕೇಬಲ್‌ಗೆ ಫೆರೈಟ್ ಉಂಗುರ ಸುತ್ತಿ.

• ಪಿಟಿಟಿಯನ್ನು, ಎಂದರೆ ಟ್ರಾನ್ಸ್‌ಮಿಟ್ ಮಾಡಲು ಒತ್ತುವ ಗುಂಡಿಯನ್ನು, ಕಂಪ್ಯೂಟರೇ ಒತ್ತಬೇಕು. ಸದ್ದು ಬಂದೊಡನೆ ತಾನೇ ಟ್ರಾನ್ಸ್‌ಮಿಟರ್ ಹಚ್ಚುವ ವಾಕ್ಸ್ ಸುಲಭ ಎಂದು ಅದಕ್ಕೆ ಒರಗಬೇಡಿ. ಪ್ಯಾಕೆಟ್ ಮುಗಿದ ಮೇಲೂ ವಾಕ್ಸ್ ಅರ್ಧ ಸೆಕೆಂಡ್ ಟ್ರಾನ್ಸ್‌ಮಿಟರನ್ನು ಹಿಡಿದಿರುತ್ತದೆ. ಅಷ್ಟರಲ್ಲಿ ಎದುರಿನ ಉತ್ತರ ಬಂದು ಹೋಗಿರುತ್ತದೆ, ನಿಮಗೆ ಕೇಳಿರುವುದಿಲ್ಲ, ಮತ್ತೆ ಅದನ್ನೇ ಕಳಿಸುತ್ತೀರಿ.

• ಎಲ್ಲಕ್ಕಿಂತ ಹೆಚ್ಚು ಹೊತ್ತು ಸದ್ದಿನ ಮಟ್ಟಕ್ಕೆ ಕೊಡಿ. ನಾನು ನೋಡಿದ ಕೆಲಸ ಮಾಡದ ಸ್ಟೇಷನ್‌ಗಳಲ್ಲಿ ಬಹುಪಾಲಿಗೆ ಕಾಯಿಲೆ ಇದೊಂದೇ. ಪ್ರತಿ ಪ್ಯಾಕೆಟ್ಟಿನ ಕೊನೆಯಲ್ಲಿ 16 ಬಿಟ್‌ನ ಒಂದು ತಾಳೆ ಲೆಕ್ಕ ಇರುತ್ತದೆ. ಸಾಮಾನ್ಯವಾಗಿ ಒಂದೇ ಒಂದು ಬಿಟ್ ತಪ್ಪಿದರೂ ಇಡೀ ಪ್ಯಾಕೆಟ್ ಕಸಕ್ಕೆ. ಮಾತಿನಲ್ಲಾದರೆ ಒಡೆದ ಸದ್ದನ್ನೂ ಊಹಿಸಿ ಅರ್ಥ ಮಾಡಿಕೊಳ್ಳುತ್ತೇವೆ, ಇಲ್ಲಿ ಊಹೆಗೆ ಜಾಗವಿಲ್ಲ. ಒಳಬರುವ ಸದ್ದನ್ನು ಡೈರ್‌ವುಲ್ಫ್ ತೋರಿಸುವ ಅಂಕಿ 50ರ ಆಸುಪಾಸು ಇರುವಂತೆ ಹೊಂದಿಸಿ, ಸ್ಕ್ವೆಲ್ಚ್ ತೆರೆದಿಡಿ. ಹೊರಹೋಗುವುದಕ್ಕೆ, ಮೀಟರ್ ಇಲ್ಲದಿದ್ದರೆ, ಇನ್ನೊಂದು ರೇಡಿಯೋದಲ್ಲಿ ನಿಮ್ಮನ್ನೇ ಕೇಳಿ: ವಾಲ್ಯೂಮ್ ಏರಿಸುತ್ತ ಹೋಗಿ, ಇನ್ನು ಸದ್ದು ಹೆಚ್ಚುವುದಿಲ್ಲ ಎನ್ನುವ ಜಾಗ ಸಿಕ್ಕಾಗ ಅಲ್ಲಿಂದ ಅರ್ಧಕ್ಕೆ ಇಳಿಸಿ. ಡೀವಿಯೇಷನ್ 3 ಕಿಲೋಹರ್ಟ್ಸ್ ಸುತ್ತಮುತ್ತ ನಿಲ್ಲುತ್ತದೆ. ಯಾರೂ ಕೇಳುತ್ತಿಲ್ಲ ಎಂದು ಇನ್ನಷ್ಟು ಏರಿಸಲು ಕೈ ಹೋಗುತ್ತದೆ. ಏರಿಸಬೇಡಿ, ಇಳಿಸಿ ನೋಡಿ.

• ಪಿಟಿಟಿ ಒತ್ತಿದ ಮೇಲೆ ಪ್ಯಾಕೆಟ್ ಹೊರಡುವ ತನಕ ಕಾಯುವ ಹೊತ್ತನ್ನು ಹೇಳುವ ಟಿಎಕ್ಸ್‌ಡಿಲೇ ಎಂಬ ಅಂಕಿಯನ್ನು 30ರಿಂದ ಶುರುಮಾಡಿ, ಅಂದರೆ 300 ಮಿಲಿಸೆಕೆಂಡ್. ಅಗ್ಗದ ಹ್ಯಾಂಡ್‌ಸೆಟ್‌ಗಳಿಗೆ ಇನ್ನೂ ಸ್ವಲ್ಪ ಬೇಕಾದೀತು. ಅವುಗಳಲ್ಲಿ ಬ್ಯಾಟರಿ ಉಳಿಸುವ ಸೌಲಭ್ಯ ಇದ್ದರೆ ಆಫ್ ಮಾಡಿ. ರೇಡಿಯೋ ನಿದ್ದೆಯಿಂದ ಏಳುವಷ್ಟರಲ್ಲಿ ಪ್ಯಾಕೆಟ್ಟಿನ ತಲೆ ಹಾರಿಹೋಗಿರುತ್ತದೆ.

• ರೇಡಿಯೋಗೆ ಹಾಕುವ ದುಡ್ಡಿನಲ್ಲಿ ಒಂದು ಪಾಲು ತೆಗೆದು ಆಂಟೆನಾಕ್ಕೂ ಕೇಬಲ್ಲಿಗೂ ಹಾಕಿ. ಎಸ್‌ಓ-239 ಸಾಕೆಟ್ಟಿಗೆ 49 ಸೆಂಟಿಮೀಟರಿನ ಒಂದು ಸರಳು ಮೇಲಕ್ಕೆ, ಅಷ್ಟೇ ಉದ್ದದ ನಾಲ್ಕು ಕೆಳಕ್ಕೆ 45 ಡಿಗ್ರಿ ಬಾಗಿಸಿ: ಇದು 2 ಮೀಟರ್ ಬ್ಯಾಂಡಿನ ಗ್ರೌಂಡ್‌ಪ್ಲೇನ್ ಆಂಟೆನಾ, ಒಂದು ಮಧ್ಯಾಹ್ನದ ಕೆಲಸ. ಕೇಬಲ್ ತೆಳ್ಳಗಿನ ಆರ್‌ಜಿ-58 ಆದರೆ 15 ಮೀಟರಿನಲ್ಲೇ ಅರ್ಧ ಶಕ್ತಿ ಕರಗುತ್ತದೆ. ಅದೇ ದೂರಕ್ಕೆ ಆರ್‌ಜಿ-213 ಹಾಕಿದರೆ ನಷ್ಟ ಕಾಲು ಭಾಗ. ಎಸ್‌ಡಬ್ಲ್ಯುಆರ್ 1.5ರೊಳಗೆ ಬಂದರೆ ಸಾಕು.

• ಏಪ್ರಿಲ್, ಮೇ ತಿಂಗಳ ಭರಣಿ, ಕೃತ್ತಿಕೆ ಮಳೆ ಗುಡುಗು ಸಿಡಿಲು ಹೊತ್ತು ತರುತ್ತದೆ. ಮೋಡ ಕಟ್ಟಿದ ಕೂಡಲೇ ಆಂಟೆನಾ ಕೇಬಲ್ ಕಳಚಿ ಮನೆಯ ಹೊರಗಿಡಿ, ಪವರ್ ಪ್ಲಗ್ ಕೀಳಿ. ಗುಡುಗು ಕೇಳಿದ ಮೇಲೆ ಆ ಕೇಬಲ್ ಮುಟ್ಟಲು ಹೋಗಬೇಡಿ. ಕರೆಂಟಿನ ತಂತಿ ಹಾದಿರುವ ಕಡೆ ಮಾಸ್ಟ್ ಎತ್ತಲೇಬೇಡಿ.

• ನಿಮ್ಮ ಇರವು ಸಾರುವ ಬೀಕನ್ ಪದೇಪದೇ ಕಳಿಸಬೇಡಿ. 256 ಬೈಟ್‌ನ ಒಂದು ಪ್ಯಾಕೆಟ್ಟಿಗೆ ಹೆಚ್ಚು ಕಡಿಮೆ ಎರಡು ಸೆಕೆಂಡ್ ಗಾಳಿ ಬೇಕು, ಅಷ್ಟು ಹೊತ್ತು ಉಳಿದವರೆಲ್ಲ ಸುಮ್ಮನಿರಬೇಕು. ಮನೆ ಜಾಗ ಬಿಟ್ಟು ಕದಲುವುದಿಲ್ಲ. ಅರ್ಧ ಗಂಟೆಗೊಮ್ಮೆ ನಿಮ್ಮ ಇರವು ಹೇಳಿದರೆ ಧಾರಾಳವಾಯಿತು. ಗುಡ್ಡದ ಆಚೆ ಈಚೆ ಇರುವ ಇಬ್ಬರ ಸದ್ದು ಒಬ್ಬರಿಗೊಬ್ಬರಿಗೆ ಕೇಳದೆ, ನಡುವಿನ ಸ್ಟೇಷನ್ನಿನಲ್ಲಿ ಇಬ್ಬರ ಪ್ಯಾಕೆಟ್ಟುಗಳೂ ಡಿಕ್ಕಿಯಾಗುತ್ತವೆ. ಮಲೆನಾಡಿನಲ್ಲಿರುವವರು ಇದನ್ನು ವಿಶೇಷವಾಗಿ ನೆನಪಿಡಿ.

• ಗುಪ್ತಲಿಪಿ, ವ್ಯಾಪಾರದ ಮಾತು, ರಾಜಕೀಯ ಇವಕ್ಕೆ ಹ್ಯಾಮ್ ಬ್ಯಾಂಡಿನಲ್ಲಿ ಜಾಗವಿಲ್ಲ. ಇಂಟರ್ನೆಟ್ಟಿನಿಂದ ಬಂದದ್ದನ್ನು ಗಾಳಿಗೆ ದಾಟಿಸುವ ಸ್ಟೇಷನ್ ಮಾಡುವ ಮುಂಚೆ ಲೈಸೆನ್ಸಿನ ಷರತ್ತು ಮತ್ತೊಮ್ಮೆ ಓದಿ.

• ಕನ್ನಡದಲ್ಲಿ ಕಳಿಸಿ. ಪ್ಯಾಕೆಟ್ಟಿಗೆ ಭಾಷೆಯ ಹಂಗಿಲ್ಲ. ಎರಡೂ ಕಡೆ ಯುಟಿಎಫ್-8 ಇದ್ದರೆ ಅಕ್ಷರ ಸರಿಯಾಗಿಯೇ ಮೂಡುತ್ತದೆ. ಆದರೆ ಲೆಕ್ಕ ತಿಳಿದಿರಲಿ: ಕನ್ನಡದ ಪ್ರತಿ ಸಂಕೇತಕ್ಕೂ 3 ಬೈಟ್, ಕಾಗುಣಿತದ ಗುರುತಿಗೂ ಬೇರೆ 3. ‘ಬೆಳಗಾವಿ’ ಎಂದು ಬರೆದರೆ 21 ಬೈಟ್ ಆಯಿತು. ಇರುವ ಜಾಗವನ್ನೂ ಪುಟ್ಟ ಸಂದೇಶಗಳನ್ನೂ ಸಾರುವ ಎಪಿಆರ್‌ಎಸ್ ಎಂಬ ಪ್ಯಾಕೆಟ್ ಪದ್ಧತಿಯಲ್ಲಿ ಸಂದೇಶದ ಮಿತಿ 67 ಅಕ್ಷರ. ಬೈಟಿನಲ್ಲಿ ಎಣಿಸಿದರೆ ಒಂದು ಪುಟ್ಟ ವಾಕ್ಯಕ್ಕಷ್ಟೇ ಜಾಗ. ಅಷ್ಟರಲ್ಲೇ ಹೇಳುವುದನ್ನು ರೂಢಿಸಿಕೊಳ್ಳಿ. ಪ್ರವಾಹದ ಹೊತ್ತಿನಲ್ಲಿ ‘ಸೇತುವೆ ಮುಳುಗಿದೆ’ ಎಂಬುದು ಓದುವ ಪ್ರತಿಯೊಬ್ಬರಿಗೂ ಕೂಡಲೇ ಅರ್ಥವಾಗಬೇಕು.

• ಲೈಸೆನ್ಸ್ ಬಂದು ಕೈ ಪಳಗಿದ ಮೇಲೆ ಬಾಹ್ಯಾಕಾಶ ನಿಲ್ದಾಣದ ಮೂಲಕ ಕಳಿಸಿ ನೋಡಿ. ಅದು ಸೆಕೆಂಡಿಗೆ 7.6 ಕಿಲೋಮೀಟರ್ ಓಡುವುದರಿಂದ ಫ್ರೀಕ್ವೆನ್ಸಿ ಸುಮಾರು 3.5 ಕಿಲೋಹರ್ಟ್ಸ್ ಸರಿಯುತ್ತದೆ, ಎಫ್‌ಎಂ ಅಷ್ಟನ್ನು ತಾಳಿಕೊಳ್ಳುತ್ತದೆ. 5 ವಾಟ್ ಸಾಕು. ನಮ್ಮವರೂ ಇದೇ 145.825ರಲ್ಲಿ ಕೆಲಸ ಮಾಡಿದ್ದಾರೆ: 2019ರ ಏಪ್ರಿಲ್ 1ರಂದು ಹಾರಿದ ಪಿಎಸ್‌ಎಲ್‌ವಿ-ಸಿ45ರ ನಾಲ್ಕನೇ ಹಂತದಲ್ಲಿ ಆಮ್‌ಸ್ಯಾಟ್ ಇಂಡಿಯಾದ ಎಪಿಆರ್‌ಎಸ್ ಉಪಕರಣ ಕೂತಿತ್ತು. ನಿಲ್ದಾಣದಿಂದ ಉತ್ತರ ಬರದಿದ್ದರೆ ಬೇಸರ ಬೇಡ. ಗಗನಯಾತ್ರಿಗಳು ಬಾಹ್ಯಾಕಾಶ ನಡಿಗೆಗೆ ಹೊರಬಂದಾಗ ನಿಲ್ದಾಣದ ಹ್ಯಾಮ್ ರೇಡಿಯೋವನ್ನು ಆರಿಸಿಡುತ್ತಾರೆ.

• ಇಡೀ ಸ್ಟೇಷನ್ನು 12 ವೋಲ್ಟ್ ಬ್ಯಾಟರಿಯಲ್ಲಿ ನಡೆಯುವಂತೆ ಕಟ್ಟಿ. ಕರೆಂಟ್ ಇದ್ದಾಗ ಮಾತ್ರ ನಡೆಯುವ ಪ್ಯಾಕೆಟ್ ಸ್ಟೇಷನ್ ಅಗತ್ಯದ ದಿನ ಯಾರಿಗೂ ಒದಗುವುದಿಲ್ಲ. ಈ ಮುಂಗಾರಿಗೆ ಮೊದಲೇ ಪಕ್ಕದ ತಾಲ್ಲೂಕಿನ ಒಬ್ಬ ಹ್ಯಾಮ್ ಜೊತೆ ಮಾತಾಡಿಕೊಂಡು, ಇಬ್ಬರೂ ಮೇನ್ಸ್ ಆರಿಸಿ, ಒಂದು ರಾತ್ರಿಯಿಡೀ ಬ್ಯಾಟರಿಯಲ್ಲೇ ಸಂದೇಶ ದಾಟಿಸಿ ನೋಡಿ.