ತೋಟದ ಆಳುಗಳ ಮನಸ್ಸಿನ ಆರೋಗ್ಯ: ಕಾಫಿ ಬೆಳೆಗಾರರು ಗಮನಿಸತಕ್ಕ ಸಂಗತಿಗಳು

ಬಿಳಿ ಕಾಂಡಕೊರಕ ಹುಳುವು ಕಾಫಿ ಗಿಡವನ್ನು ಹೊಕ್ಕ ಮೇಲೆ ಬಹುಕಾಲ ಹೊರಗೆ ಹೆಚ್ಚೇನೂ ತೋರುವುದಿಲ್ಲ. ಕಾಂಡದ ಮೇಲೆ ಅಲ್ಲಲ್ಲಿ ಸಣ್ಣ ಏಣುಗಳು ಎದ್ದಿರುತ್ತವೆ, ಅಷ್ಟೆ. ಎಲೆ ಹಳದಿಯಾಗಿ ಗಿಡವು ಬಾಡುವ ವೇಳೆಗೆ ಒಳಗಿನ ಮರವು ಕೊರೆದುಹೋಗಿರುತ್ತದೆ. ಆದುದರಿಂದಲೇ ಜಾಗರೂಕರಾದ ಬೆಳೆಗಾರರು ಹುಳುವು ಹಾರಾಡುವ ಏಪ್ರಿಲ್-ಮೇ ಮತ್ತು ಅಕ್ಟೋಬರ್-ಡಿಸೆಂಬರ್ ಕಾಲಗಳಿಗೆ ಮುಂಚೆ ಒಂದೊಂದು ಗಿಡವನ್ನೂ ತಡವಿ ನೋಡಿಸುತ್ತಾರೆ. ಅದೇ ತೋಟದಲ್ಲಿ ಹತ್ತು ವರ್ಷ ಕಪಾತಿನ ಕೆಲಸದಲ್ಲಿ ಕೈಪಳಗಿದ ಆಳೊಬ್ಬನು ಮೂರು ವಾರಗಳಿಂದ ಯಾರೊಡನೆಯೂ ಮಾತನಾಡದೆ, ಊಟದ ಬುತ್ತಿಯನ್ನು ಬಿಚ್ಚದೆ ಮನೆಗೆ ಕೊಂಡೊಯ್ಯುತ್ತಿದ್ದರೆ ಅದನ್ನು ನೋಡುವವರು ಕಡಮೆ. ಮೇಸ್ತ್ರಿಯು ಅದನ್ನು ಸೋಮಾರಿತನವೆನ್ನುತ್ತಾನೆ; ರೈಟರು ಗೈರುಹಾಜರಿ ಬರೆಯುತ್ತಾನೆ; ಯಜಮಾನರಿಗೆ ಸಂಗತಿಯು ತಿಳಿಯುವುದು ಬಹಳ ತಡವಾಗಿ.

ಮನಸ್ಸಿನ ಕಾಯಿಲೆಯು ಪಟ್ಟಣದವರ ಕಾಯಿಲೆ, ಮೈಮುರಿದು ದುಡಿಯುವವರಿಗೆ ಅದು ಬಾರದು ಎಂಬ ಭಾವನೆಯು ಇನ್ನೂ ಅನೇಕರಲ್ಲಿದೆ. ಇದು ತಪ್ಪು. ಖಿನ್ನತೆ ಮತ್ತು ಆತಂಕ ಇವೆರಡರಿಂದಲೇ ಪ್ರಪಂಚದಲ್ಲಿ ವರ್ಷಕ್ಕೆ ಸುಮಾರು 1,200 ಕೋಟಿ ಕೆಲಸದ ದಿನಗಳು ನಷ್ಟವಾಗುತ್ತವೆಂದು ವಿಶ್ವ ಆರೋಗ್ಯ ಸಂಸ್ಥೆಯೂ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯೂ 2022 ನೆಯ ಇಸವಿಯಲ್ಲಿ ತಿಳಿಸಿದವು. ಅದೇ ವರ್ಷ ಈ ಸಂಸ್ಥೆಗಳು ಹೊರಡಿಸಿದ ಸಲಹೆಗಳಲ್ಲಿ ಗಮನಾರ್ಹವಾದ ಮಾತೊಂದುಂಟು. ಕೆಲಸಗಾರನಿಗೆ ಧೈರ್ಯ ಹೇಳುವುದರಿಂದಷ್ಟೇ ಆಗದು. ಕೆಲಸದ ಏರ್ಪಾಡಿನಲ್ಲಿಯೇ ಮನಸ್ಸನ್ನು ಕೆಡಿಸುವ ಸಂಗತಿಗಳಿದ್ದರೆ ಮೊದಲು ಅವುಗಳನ್ನು ಸರಿಪಡಿಸಬೇಕು ಎಂಬುದೇ ಅದರ ತಾತ್ಪರ್ಯ. ಕಾಫಿ ತೋಟದ ಮಟ್ಟಿಗೆ ಅಂಥ ಸಂಗತಿಗಳು ಯಾವುವು?

ತೂಕ ಮತ್ತು ಬಟವಾಡೆ

ಹಣ್ಣು ಕೊಯ್ಲಿನ ಕಾಲದಲ್ಲಿ ಆಳುಗಳ ಮನಸ್ಸನ್ನು ಕದಡುವುದರಲ್ಲಿ ತಕ್ಕಡಿಗೆ ಸಮಾನವಾದುದಿಲ್ಲ. ಕೊಯ್ದ ಹಣ್ಣಿಗೆ ಕಿಲೋ ಲೆಕ್ಕದಲ್ಲಿ ಕೂಲಿ ಕೊಡುವ ತೋಟಗಳಲ್ಲಿ, ಬೆಳಗಿನಿಂದ ಇಳಿಜಾರಿನಲ್ಲಿ ನಿಂತು ಕೊಯ್ದ ಹೆಂಗಸು ಸಾಯಂಕಾಲ ಚೀಲವನ್ನು ಹೊತ್ತು ತಂದು ಸಾಲಿನಲ್ಲಿ ನಿಂತಾಗ, ತೂಕದವನು ಮುಳ್ಳು ನಿಲ್ಲುವ ಮುನ್ನವೇ ಅಂಕಿಯನ್ನು ಕೂಗಿ, ತೇವಕ್ಕೆಂದೂ ಎಲೆಕಡ್ಡಿಗೆಂದೂ ತೋಚಿದಷ್ಟು ಕಳೆದುಬಿಟ್ಟರೆ, ಆಕೆಗೆ ನಷ್ಟವಾಗುವುದು ಒಂದೆರಡು ಕಿಲೋ ಕೂಲಿಯಷ್ಟೇ ಅಲ್ಲ. ತಾನು ಹೇಳಿದರೆ ಕೇಳುವವರಿಲ್ಲ ಎಂಬುದನ್ನು ಆಕೆಯು ದಿನವೂ ಒಮ್ಮೆ ಕಲಿಯುತ್ತಾಳೆ. ಇಂಥ ನಿಸ್ಸಹಾಯತೆಯು ಬಹುಕಾಲ ನಡೆದರೆ ಖಿನ್ನತೆಗೆ ಹಾದಿಯಾಗುತ್ತದೆ. ಇದಕ್ಕೆ ಪರಿಹಾರವೇನೂ ಕಷ್ಟವಲ್ಲ. ತಕ್ಕಡಿಯ ಮುಖವು ಕೊಯ್ದವರಿಗೆ ಕಾಣುವಂತಿರಬೇಕು. ಕಳೆಯುವ ತೂಕವು ಇಷ್ಟೇ ಎಂದು ಕೊಯ್ಲು ಆರಂಭವಾಗುವ ಮೊದಲೇ ಎಲ್ಲರಿಗೂ ತಿಳಿಸಿರಬೇಕು. ಅವರವರ ಅಂಕಿಯನ್ನು ಅವರವರ ಚೀಟಿಯಲ್ಲಿ ಅಲ್ಲಿಯೇ ಬರೆದು ಕೊಡಬೇಕು. ಓದಲು ಬಾರದವರಿಗೂ ಚೀಟಿಯು ಬೇಕು. ಮನೆಯಲ್ಲಿ ಓದುವ ಮಕ್ಕಳಿರುತ್ತಾರೆ.

ಬಟವಾಡೆಯ ದಿನವೂ ಗೊತ್ತಾಗಿರಬೇಕು. ವಾರದ ಲೆಕ್ಕದಲ್ಲಿ ದುಡಿಯುವವರಿಗೆ ವಾರದ ಕಡೆಯ ಕೆಲಸದ ದಿನವೇ, ಅಂದರೆ ರಜೆಯ ದಿನಕ್ಕೆ ಮುಂಚೆಯೇ, ಕೂಲಿ ಸಲ್ಲಬೇಕೆಂದು 2019 ನೆಯ ಇಸವಿಯ ವೇತನ ಸಂಹಿತೆಯು ವಿಧಿಸುತ್ತದೆ. ಸಂತೆಯ ದಿನ ಕೈಯಲ್ಲಿ ಹಣವಿಲ್ಲದೆ ಅಂಗಡಿಯವನ ಮುಂದೆ ನಿಲ್ಲುವ ಸಂಕಟವನ್ನು ಸಂಬಳದ ನೌಕರಿಯವರು ಊಹಿಸಲಾರರು. ಹೆಂಗಸರ ಕೂಲಿಯನ್ನು ಗಂಡನ ಕೈಗೆ ಕೊಡುವ ಪದ್ಧತಿಯು ಎಲ್ಲಿಯಾದರೂ ಉಳಿದಿದ್ದರೆ ಅದನ್ನು ಕೂಡಲೇ ನಿಲ್ಲಿಸತಕ್ಕದ್ದು.

ಮುಂಗಡದ ವಿಷಯವೂ ಇದಕ್ಕೆ ಸೇರಿದುದೇ. ಮೇಸ್ತ್ರಿಯ ಮೂಲಕ ಮುಂಗಡ ಕೊಟ್ಟು ಆಳುಗಳನ್ನು ಕರೆತರುವುದು ಮಲೆನಾಡಿನಲ್ಲಿ ಹಳೆಯ ರೂಢಿ. ಸಾಲಕ್ಕಾಗಿ ಮನುಷ್ಯನನ್ನು ಕೆಲಸಕ್ಕೆ ಕಟ್ಟಿಹಾಕುವುದನ್ನು 1976 ನೆಯ ಇಸವಿಯ ಜೀತಪದ್ಧತಿ ರದ್ದಿಯಾತಿ ಶಾಸನವು ನಿಷೇಧಿಸಿತು. ಆದಾಗ್ಯೂ, ಎಷ್ಟು ತೀರಿತು ಎಷ್ಟು ಉಳಿಯಿತು ಎಂಬ ಲೆಕ್ಕವು ಮೇಸ್ತ್ರಿಯ ಬಾಯಲ್ಲಿ ಮಾತ್ರ ಇದ್ದರೆ ಆಳಿಗೆ ರಾತ್ರಿ ನಿದ್ರೆ ಬಾರದು. ಮುಂಗಡದ ಲೆಕ್ಕವನ್ನು ಯಜಮಾನರು ತಾವೇ ಇಟ್ಟು ತಿಂಗಳಿಗೊಮ್ಮೆ ಓದಿ ಹೇಳುವುದು ಯುಕ್ತ.

ಮಳೆಗಾಲ

ಜೂನಿನಿಂದ ಆಗಸ್ಟಿನವರೆಗೆ ಘಟ್ಟದ ಮಳೆಯಲ್ಲಿ ಕೆಲಸದ ದಿನಗಳು ಕಡಮೆಯಾಗುತ್ತವೆ. ಕೂಲಿಯಿಲ್ಲದೆ, ಒದ್ದೆ ಸೌದೆಯ ಹೊಗೆಯಲ್ಲಿ, ಲೈನು ಮನೆಯ ಒಂದು ಕೋಣೆಯೊಳಗೆ ಸಂಸಾರವೆಲ್ಲ ಕೂತಿರಬೇಕಾದ ಕಾಲವಿದು. ಸಾಲ, ಕುಡಿತ, ಜಗಳ ಮೂರೂ ಏರುತ್ತವೆ. ಈ ತಿಂಗಳುಗಳಲ್ಲಿ ಯಾರಿಗೆ ಎಷ್ಟು ದಿನದ ಕೆಲಸ ಸಿಕ್ಕುವುದೆಂಬುದನ್ನು ಮೇ ತಿಂಗಳಲ್ಲಿಯೇ ಹೇಳಿಬಿಟ್ಟರೆ ಅವರು ಅದಕ್ಕೆ ತಕ್ಕಂತೆ ಏರ್ಪಾಡು ಮಾಡಿಕೊಳ್ಳುವರು. ಮೆಣಸಿನ ಬಳ್ಳಿ ನೆಡುವುದು, ಚೀಲ ಹೊಲಿಯುವುದು, ಸಸಿಮಡಿಯ ಆರೈಕೆ, ಬೇಲಿಯ ದುರಸ್ತಿ ಮುಂತಾದ ಕೆಲಸಗಳನ್ನು ಒಟ್ಟಿಗೆ ಮುಗಿಸದೆ ಎಲ್ಲರಿಗೂ ಸ್ವಲ್ಪಸ್ವಲ್ಪ ಬರುವಂತೆ ಹಂಚಬಹುದು.

ಸಕಲೇಶಪುರ, ಆಲೂರು ಸೀಮೆಗಳಲ್ಲಿಯೂ ಕೊಡಗಿನಲ್ಲಿಯೂ ಇದಕ್ಕೆ ಆನೆಯ ಭಯವು ಸೇರಿಕೊಂಡಿದೆ. ಬೆಳಗಿನ ಮಂಜಿನಲ್ಲಿ ತೋಟದ ದಾರಿಯಲ್ಲಿ ನಡೆದು ಬರುವವರು ಆಳುಗಳು. ಜೀಪಿನಲ್ಲಿ ಬರುವವರು ಯಜಮಾನರು. ಜೊತೆಯವನೊಬ್ಬನು ಆನೆಗೆ ಸಿಕ್ಕಿ ಸತ್ತುದನ್ನು ಕಂಡವನು ತಿಂಗಳುಗಟ್ಟಳೆ ಬೆಚ್ಚಿಬೀಳುವುದು, ಆ ದಾರಿಯಲ್ಲಿ ಹೋಗಲಾರದಿರುವುದು, ಕನಸಿನಲ್ಲಿ ಕೂಗುವುದು ಹೇಡಿತನವಲ್ಲ. ವೈದ್ಯರು ಗುರುತಿಸುವ ಒಂದು ಕಾಯಿಲೆಯಾಗಿರಬಹುದು. ತಮಿಳುನಾಡಿನ ವಾಲ್ಪಾರೈ ಚಹಾ ತೋಟಗಳ ಪ್ರದೇಶದಲ್ಲಿ ಆನೆಗಳಿರುವ ಎಡೆಯನ್ನು ದೂರವಾಣಿಯ ಸಂದೇಶಗಳಿಂದಲೂ ಎತ್ತರದಲ್ಲಿ ಕಟ್ಟಿದ ಕೆಂಪು ದೀಪಗಳಿಂದಲೂ ಜನರಿಗೆ ತಿಳಿಸುವ ಏರ್ಪಾಡು ನಡೆದಿದೆ. ಅಷ್ಟು ಮಾಡಲಾಗದ ಕಡೆಯೂ, ಆನೆಯ ಸುದ್ದಿಯಿದ್ದ ದಿನ ಬಿಸಿಲೇರಿದ ಮೇಲೆ ಕೆಲಸ ಆರಂಭಿಸಿ, ಅರ್ಧ ಘಂಟೆ ತಡವಾದುದಕ್ಕೆ ಕೂಲಿ ಹಿಡಿಯದಿದ್ದರೆ ಸಾಕು.

ಹಿಂದೆ ಬಯಲುಸೀಮೆಯಿಂದಲೂ ಘಟ್ಟದ ಕೆಳಗಿನಿಂದಲೂ ಬರುತ್ತಿದ್ದ ಆಳುಗಳ ಜಾಗಕ್ಕೆ ಈಚೆಗೆ ಅಸ್ಸಾಮ್, ಬಂಗಾಳ ಮುಂತಾದ ದೂರದ ಪ್ರಾಂತಗಳವರೂ ಬರುತ್ತಿದ್ದಾರೆ. ಮಾತು ಬಾರದ ಊರಿನಲ್ಲಿ ಕಾಯಿಲೆ ಬಿದ್ದವನ ಒಂಟಿತನವು ಬೇರೆಯದೇ. ಇಂಥವರನ್ನು ಒಬ್ಬೊಬ್ಬರನ್ನಾಗಿ ಬೇರೆ ಬೇರೆ ಲೈನುಗಳಲ್ಲಿ ಇಡದೆ ತಮ್ಮವರೊಂದಿಗೆ ಇರಗೊಡುವುದು ಒಳ್ಳೆಯದು.

ಗುರುತುಗಳು

ಖಿನ್ನತೆಯಿರುವ ಆಳು ತನಗೆ ದುಃಖವಾಗಿದೆಯೆಂದು ಹೇಳುವುದು ಅಪರೂಪ. ತಲೆನೋವು, ಮೈಕೈ ನೋವು, ಎದೆಯುರಿ, ಸುಸ್ತು ಎನ್ನುತ್ತಾನೆ. ನಿದ್ರೆ ಬಾರದಿರುವುದು ಅಥವಾ ಬೆಳಗಿನ ಜಾವ ಮೂರು ಘಂಟೆಗೇ ಎಚ್ಚರವಾಗುವುದು, ಊಟ ಸೇರದಿರುವುದು, ಮೊದಲು ಪ್ರಿಯವಾಗಿದ್ದ ಭಜನೆ, ಸಂತೆ, ಮಕ್ಕಳ ಆಟ ಯಾವುದರಲ್ಲಿಯೂ ಮನಸ್ಸಿಲ್ಲದಿರುವುದು, ತಾನು ಯಾರಿಗೂ ಬೇಡವಾದವನೆಂಬ ಮಾತು, ಇವು ಎರಡು ವಾರಕ್ಕೂ ಮೇಲ್ಪಟ್ಟು ನಿಂತರೆ ವೈದ್ಯರಲ್ಲಿಗೆ ಕರೆದೊಯ್ಯಬೇಕು. ಸಾಯುವ ಮಾತಾಡಿದರೆ ಎರಡು ವಾರವನ್ನೂ ಕಾಯಕೂಡದು. ಅಂಥವನನ್ನು ಒಂಟಿಯಾಗಿ ಬಿಡಲೂ ಕೂಡದು.

ವಿಚಾರಿಸುವ ರೀತಿಯೂ ಮುಖ್ಯ. ಹಾಜರಿಯ ಹೊತ್ತಿನಲ್ಲಿ ಎಲ್ಲರ ಎದುರಿಗೆ ಕೇಳಿದರೆ ಉತ್ತರ ಬಾರದು. ಕೆಲಸದ ನಡುವೆ, ಜೊತೆಯಲ್ಲಿ ನಡೆಯುತ್ತಾ, “ಏನಪ್ಪಾ, ಈಚೆಗೆ ಊಟ ಸರಿಯಾಗಿ ಮಾಡುತ್ತಿಲ್ಲವಂತೆ, ರಾತ್ರಿ ನಿದ್ರೆ ಬರುತ್ತದೆಯೇ?” ಎಂದು ಕೇಳಿ ಸುಮ್ಮನಿದ್ದರೆ ಮಾತು ತಾನಾಗಿ ಬರುತ್ತದೆ. ಸಾಯಬೇಕೆನಿಸುತ್ತದೆಯೇ ಎಂದು ನೇರವಾಗಿ ಕೇಳಿದರೆ ಇಲ್ಲದ ಯೋಚನೆಯನ್ನು ತಲೆಗೆ ಹಾಕಿದಂತಾಗುವುದೆಂದು ಹಲವರು ಹೆದರುತ್ತಾರೆ. ಹಾಗಾಗುವುದಿಲ್ಲ, ಕೇಳಿಸಿಕೊಂಡವನ ಭಾರವು ಇಳಿಯುವುದೇ ಹೆಚ್ಚು. ದೇವಸ್ಥಾನಕ್ಕೆ ಹೋಗಿಬರುವುದಕ್ಕೆ ಅಡ್ಡಿಯಿಲ್ಲ. ಯಂತ್ರ ಕಟ್ಟಿಸುವುದರಲ್ಲಿ ತಿಂಗಳು ಕಳೆಯುವುದು ಮಾತ್ರ ಅಪಾಯ.

ಚಿಕಿತ್ಸೆಗೆ ಬೆಂಗಳೂರಿಗೇ ಹೋಗಬೇಕೆಂಬುದು ಹಳೆಯ ಮಾತು. ಬೆಂಗಳೂರಿನಲ್ಲಿ 1974 ನೆಯ ಇಸವಿಯಲ್ಲಿ ರೂಪುಗೊಂಡ ನಿಮ್ಹಾನ್ಸ್ ಸಂಸ್ಥೆಯು 1980 ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಸಿಬ್ಬಂದಿಗೂ ತರಬೇತು ಕೊಟ್ಟು, ಸಾಮಾನ್ಯವಾದ ಮಾನಸಿಕ ಕಾಯಿಲೆಗಳಿಗೆ ಹಳ್ಳಿಯ ಹತ್ತಿರವೇ ಚಿಕಿತ್ಸೆ ಮಾಡಬಹುದೆಂದು ತೋರಿಸಿತು. ಅದೇ ಮಾದರಿಯ ಮೇಲೆ 1996 ನೆಯ ಇಸವಿಯಲ್ಲಿ ದೇಶದಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವು ಆರಂಭವಾಯಿತು. 2022 ನೆಯ ಇಸವಿಯ ಅಕ್ಟೋಬರ್ 10 ರಿಂದ ಟೆಲಿ ಮಾನಸ್ ಎಂಬ ಉಚಿತ ದೂರವಾಣಿ ಸೇವೆಯುಂಟು. 14416 ಎಂಬ ಸಂಖ್ಯೆಗೆ ಹಗಲಿರುಳು ಯಾವಾಗ ಬೇಕಾದರೂ ಕರೆಯಬಹುದು. ಕನ್ನಡದಲ್ಲಿಯೂ, ಬಂಗಾಳಿ, ಅಸ್ಸಾಮಿ ಮುಂತಾದ ಭಾಷೆಗಳಲ್ಲಿಯೂ ಮಾತನಾಡುವವರಿದ್ದಾರೆ. ಈ ಸಂಖ್ಯೆಯನ್ನು ಲೈನು ಮನೆಯ ಗೋಡೆಯ ಮೇಲೆ ದೊಡ್ಡದಾಗಿ ಬರೆಸಲು ಒಂದು ಡಬ್ಬಿ ಬಣ್ಣ ಸಾಕು.

ಕುಡಿತದ ವಿಷಯದಲ್ಲಿ ಒಂದು ಎಚ್ಚರಿಕೆ. ನಿತ್ಯವೂ ಹೆಚ್ಚಾಗಿ ಕುಡಿಯುವವನನ್ನು ಕೋಣೆಯಲ್ಲಿ ಕೂಡಿಹಾಕಿ ಒಮ್ಮೆಗೇ ಬಿಡಿಸುವುದು ಒಳ್ಳೆಯ ಉದ್ದೇಶದ ಕೆಟ್ಟ ಉಪಾಯ. ಬಿಟ್ಟ ಎರಡು ಮೂರು ದಿನಗಳಲ್ಲಿ ಕೈನಡುಕ, ಸೆಳವು, ಭ್ರಮೆ ಕಾಣಿಸಿಕೊಂಡು ಪ್ರಾಣಕ್ಕೂ ಅಪಾಯವಾಗಬಹುದು. ಬಿಡಿಸುವುದನ್ನು ವೈದ್ಯರ ಕೈಯಿಂದಲೇ ಮಾಡಿಸಬೇಕು.

ವಿಷದ ಉಗ್ರಾಣ

ಇಡೀ ವಿಷಯದಲ್ಲಿ ಬೆಳೆಗಾರರ ಕೈಯಲ್ಲಿಯೇ ಪೂರ್ತಿಯಾಗಿ ಇರುವ ಭಾಗವೆಂದರೆ ಇದು. ಸಾಯಬೇಕೆಂಬ ತೀವ್ರವಾದ ಆವೇಗವು ಅನೇಕರಲ್ಲಿ ಸ್ವಲ್ಪ ಹೊತ್ತಿನದು. ಆ ಹೊತ್ತಿನಲ್ಲಿ ಕೈಗೆ ವಿಷವು ಸಿಕ್ಕದಿದ್ದರೆ ಮನುಷ್ಯನು ಉಳಿಯುತ್ತಾನೆ, ಉಳಿದವರಲ್ಲಿ ಬಹುಮಂದಿ ಮತ್ತೆ ಆ ದಾರಿಯನ್ನು ಹಿಡಿಯುವುದಿಲ್ಲ. ಸಿಂಹಳದ್ವೀಪದಲ್ಲಿ, ಅಂದರೆ ಇಂದಿನ ಶ್ರೀಲಂಕೆಯಲ್ಲಿ, ಸರ್ಕಾರವು 1995 ರಿಂದ ಮೊದಲುಗೊಂಡು ಅತಿ ಘೋರವಾದ ಕೀಟನಾಶಕಗಳನ್ನು ಒಂದೊಂದಾಗಿ ನಿಷೇಧಿಸಿತು. 2008 ರಿಂದ 2011 ರೊಳಗೆ ಕಳೆನಾಶಕವೊಂದನ್ನೂ ಸೇರಿಸಿ ಇನ್ನು ಮೂರನ್ನು ತೆಗೆದುಹಾಕಿತು. 1995 ಕ್ಕೂ 2015 ಕ್ಕೂ ನಡುವೆ ಅಲ್ಲಿನ ಆತ್ಮಹತ್ಯೆಯ ಪ್ರಮಾಣವು ಸುಮಾರು ನೂರಕ್ಕೆ 70 ರಷ್ಟು ಇಳಿಯಿತು. ಕುಟುಂಬದ ಕಷ್ಟಗಳು ಅಷ್ಟರಲ್ಲಿ ಮಾಯವಾಗಿರಲಿಲ್ಲ ಎಂಬುದನ್ನು ನೆನೆಯಬೇಕು.

ಅದೇ ದೇಶದಲ್ಲಿ ನಡೆದು 2017 ರಲ್ಲಿ ಪ್ರಕಟವಾದ ಇನ್ನೊಂದು ಪರೀಕ್ಷೆಯು ಅಷ್ಟೇ ಬೋಧಪ್ರದವಾಗಿದೆ. 180 ಗ್ರಾಮಗಳ 53,000 ಕ್ಕೂ ಮಿಕ್ಕ ಮನೆಗಳಲ್ಲಿ, ಅರ್ಧ ಭಾಗದ ಗ್ರಾಮಗಳಿಗೆ ಔಷಧವಿಡಲು ಬೀಗದ ಪೆಟ್ಟಿಗೆಗಳನ್ನು ಹಂಚಿ ನೋಡಲಾಯಿತು. ವಿಷ ಕುಡಿಯುವುದು ಕಡಮೆಯಾದುದಕ್ಕೆ ಆಧಾರ ಸಿಕ್ಕಲಿಲ್ಲ. ಮನೆಯೊಳಗಿನ ಪೆಟ್ಟಿಗೆಯ ಬೀಗದ ಕೈಯು ಮನೆಯವರ ಬಳಿಯೇ ಇರುವುದಾದರೆ ಬೀಗದಿಂದ ಹೆಚ್ಚೇನೂ ಸಾಗದೆಂದು ಊಹಿಸಬಹುದು. ಆದಕಾರಣ ತೋಟದ ಕೀಟನಾಶಕವನ್ನು ಯಾವ ಆಳಿನ ಮನೆಯಲ್ಲಿಯೂ, ಒಂದು ರಾತ್ರಿಯ ಮಟ್ಟಿಗಾದರೂ, ಇಡಗೊಡಬಾರದು. ಮನೆಗಳಿಂದ ದೂರದ ಉಗ್ರಾಣದಲ್ಲಿಟ್ಟು, ಆಯಾ ದಿನಕ್ಕೆ ಬೇಕಾದಷ್ಟನ್ನೇ ಅಳೆದುಕೊಟ್ಟು, ಉಳಿದುದನ್ನೂ ಬರಿದಾದ ಡಬ್ಬಿಗಳನ್ನೂ ಸಾಯಂಕಾಲ ಎಣಿಸಿ ಹಿಂದಕ್ಕೆ ಪಡೆಯತಕ್ಕದ್ದು. ಪ್ರತ್ಯೌಷಧವಿಲ್ಲದ ಕಳೆನಾಶಕವನ್ನು ತೋಟಕ್ಕೆ ತರಿಸದಿರುವುದೇ ಲೇಸು. ಕಳೆಯನ್ನು ಕತ್ತಿಯಿಂದಲೋ ಯಂತ್ರದಿಂದಲೋ ಸವರಿಸಿದರೆ ಸ್ವಲ್ಪ ಹೆಚ್ಚು ಖರ್ಚು ಬೀಳಬಹುದು, ಬೀಳಲಿ.

ಯಾರಾದರೂ ವಿಷ ಸೇವಿಸಿದರೆ ಪೋಲೀಸು ಮೊಕದ್ದಮೆಗೆ ಹೆದರಿ ಲೈನಿನಲ್ಲಿಯೇ ಹುಣಿಸೆ ನೀರು, ಉಪ್ಪು ನೀರು ಕುಡಿಸುತ್ತಾ ಹೊತ್ತು ಕಳೆಯುವವರುಂಟು. ಇದರಿಂದ ಪ್ರಾಣಗಳು ಹೋಗುತ್ತವೆ. ಆತ್ಮಹತ್ಯೆಗೆ ಯತ್ನಿಸಿದವನು ತೀವ್ರವಾದ ಮನಃಕ್ಲೇಶದಲ್ಲಿದ್ದನೆಂದೇ ಭಾವಿಸತಕ್ಕದ್ದು, ಅವನಿಗೆ ಶುಶ್ರೂಷೆ ದೊರೆಯಬೇಕು ಎಂದು 2017 ನೆಯ ಇಸವಿಯ ಮಾನಸಿಕ ಆರೋಗ್ಯ ಪಾಲನೆ ಶಾಸನವು ಹೇಳುತ್ತದೆ. ವಾಂತಿ ಮಾಡಿಸದೆ, ಔಷಧದ ಡಬ್ಬಿಯನ್ನು ಜೊತೆಗೆ ಕೊಂಡು, ತೋಟದ ವಾಹನದಲ್ಲಿಯೇ ಕೂಡಲೇ ಆಸ್ಪತ್ರೆಗೆ ಸಾಗಿಸಬೇಕು.

ಮರಳಿ ಕೆಲಸಕ್ಕೆ ಬಂದಾಗ

ಖಿನ್ನತೆಯ ಔಷಧವು ಗುಣ ತೋರಲು ಎರಡರಿಂದ ನಾಲ್ಕು ವಾರ ಬೇಕು; ಗುಣವಾದ ಮೇಲೂ ಸಾಮಾನ್ಯವಾಗಿ ಆರು ತಿಂಗಳಾದರೂ ಮುಂದುವರಿಸಬೇಕಾಗುತ್ತದೆ. ಮೊದಲ ವಾರದಲ್ಲಿ ಏನೂ ಆಗಲಿಲ್ಲವೆಂದೋ, ಚೆನ್ನಾಗಿದ್ದೇನೆಂದೋ ತಾವಾಗಿ ಬಿಡುವವರು ಬಹಳ. ತಿಂಗಳಿಗೊಮ್ಮೆ ಆಸ್ಪತ್ರೆಗೆ ಹೋಗುವ ದಿನಕ್ಕೆ ಕೂಲಿ ಕಡಿಯದಿದ್ದರೆ ಈ ಕಾರಣದಿಂದ ಬಿಡುವವರಾದರೂ ಕಡಮೆಯಾಗುವರು. ಕೆಲವು ಔಷಧಗಳಿಂದ ತೂಕಡಿಕೆಯುಂಟಾಗುವುದರಿಂದ ಅಂಥವನನ್ನು ಮರಗಸಿಗೂ, ಏಣಿಯ ಮೇಲೆ ಮೆಣಸು ಕೊಯ್ಯುವುದಕ್ಕೂ, ಕಳೆ ಕೊಚ್ಚುವ ಯಂತ್ರಕ್ಕೂ ವೈದ್ಯರು ಹೇಳುವವರೆಗೆ ಹಾಕಬಾರದು. ಔಷಧ ಸಿಂಪಡಿಸುವ ಕೆಲಸವಂತೂ ಬೇಡವೇ ಬೇಡ. ಸಸಿಮಡಿಯಲ್ಲಿ ಚೀಲ ತುಂಬುವುದು, ಕಣದಲ್ಲಿ ಬೀಜ ತಿರುವುವುದು ತಕ್ಕ ಕೆಲಸಗಳು. ಕೆಲಸವನ್ನೇ ಕೊಡದೆ ಮನೆಯಲ್ಲಿ ಕೂರಿಸುವುದೂ ಹಿತವಲ್ಲ. ನಾಲ್ಕು ಜನರೊಂದಿಗೆ ಕೈಯಾಡಿಸುತ್ತಿದ್ದರೆ ಚೇತರಿಕೆಯು ಬೇಗ.

ಹಾಜರಿ ಪುಸ್ತಕದಲ್ಲಿ ಅವನು ಬಾರದ ದಿನಗಳ ಎದುರಿಗೆ “ಕಾಯಿಲೆ ರಜೆ” ಎಂಬುದರ ಹೊರತು ಬೇರೆ ಯಾವ ಮಾತನ್ನೂ ರೈಟರು ಬರೆಯಕೂಡದು. ಆ ಪುಸ್ತಕವನ್ನು ಮೇಸ್ತ್ರಿಯು ನೋಡುತ್ತಾನೆ, ಮೇಸ್ತ್ರಿಯಿಂದ ಲೈನಿಗೂ, ಲೈನಿನಿಂದ ಮಗಳ ಮದುವೆಯ ಮಾತಿನವರೆಗೂ ಸುದ್ದಿಯು ಹೋಗುತ್ತದೆ.